ಇಳಿಯುವಾಗ ಇಪ್ಪತ್ತೆರಡು

ಆಗಸ್ಟ್ 9

ಅಪ್ಪಾ,

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಿಮಗೆ ಕಿವಿ ಕೇಳುವುದಿಲ್ಲ, ನನಗೆ ಬಾಯಿ ಏಳುವುದಿಲ್ಲ. "ಊಟ ಆಯ್ತಾ?" "ಆಯ್ತು" ಎಂದು ಇಬ್ಬರೂ ಇಟ್ಟುಬಿಡುತ್ತೇವೆ. ಅದಕ್ಕೇ ಕಾಗದ.

ಇದನ್ನು ನಾನು ಶಾಲೆಯ ಪುಸ್ತಕದ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಒಂಬತ್ತು ದಿನದಿಂದ ನನ್ನ ಜಾಗ ಇದೇ. ನಾಲ್ಕು ಕಬ್ಬಿಣದ ಕಪಾಟು, ಒಂದು ಮುರುಕು ಭೂಪಟ, ತಲೆಗಿಂತ ಎರಡು ಮೊಳ ಮೇಲೆ ಒಂದು ಗವಾಕ್ಷಿ. ಬಾಗಿಲಿನ ಹೊರಚಿಲಕ ಸಡಿಲ; ಬಾಗಿಲು ಎಳೆದುಕೊಂಡರೆ ತಾನಾಗಿಯೇ ಬಿದ್ದುಬಿಡುತ್ತದೆ. ಆಮೇಲೆ ಆಯಮ್ಮ ಬಂದು ತೆಗೆಯುವವರೆಗೆ ನಾನು ಒಳಗೆ. ಹಳೆಯ ಪುಸ್ತಕಗಳಿಗೆ ಮೊಹರು ಹೊಡೆಯುವುದು ನನ್ನ ಕೆಲಸವಂತೆ. ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಮೊಹರು!

ಆದದ್ದು ಇಷ್ಟು. ನನ್ನ ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಮಕ್ಕಳು ಅವಳನ್ನು ಗಪ್‌ಚಿಪ್ ಎಂದು ಕರೆಯುತ್ತಾರೆ, ಏಕೆಂದರೆ ಅವಳು ಮಾತಾಡುವುದಿಲ್ಲ. ಕಿವಿ ಸರಿ ಇದೆ, ಗಂಟಲು ಸರಿ ಇದೆ, ಬರೆಯುತ್ತಾಳೆ, ಲೆಕ್ಕ ಮಾಡುತ್ತಾಳೆ. ಶಾಲೆಯ ಗೇಟು ದಾಟಿದರೆ ಬಾಯಿಗೆ ಬೀಗ. ಮನೆಯಲ್ಲಿ ಏನಾಗಿದೆಯೋ ನನಗೆ ಗೊತ್ತಿಲ್ಲ. ಕೆದಕಲಿಲ್ಲ. ಕಥೆ ಹೇಳಿದೆ.

ಯಾವ ಕಥೆ ಎಂದು ನಿಮಗೆ ಗೊತ್ತಾಗಿರಬೇಕು. ಹತ್ತುವಾಗ ಇಪ್ಪತ್ತೊಂದು ಮೆಟ್ಟಿಲು, ಇಳಿಯುವಾಗ ಇಪ್ಪತ್ತೆರಡು. ಆ ಹೆಚ್ಚಿನ ಮೆಟ್ಟಿಲ ಮೇಲೆ ಕೂತಿರುವ, ಕಣ್ಣಿಗೆ ಕಾಣದ ಅಜ್ಜಿ. ಜನ ಕಳೆದುಕೊಂಡದ್ದೆಲ್ಲ ಅವಳ ಹತ್ತಿರ: ಪೆನ್ನಿನ ಮುಚ್ಚಳ, ಒಂಟಿ ಕಾಲುಚೀಲ, ಬೀಗದಕೈ. ಕಳೆದುಹೋದ ಕರವಸ್ತ್ರಗಳನ್ನು ಅವಳು ಒಗೆದು ಹಿಂಡಿದರೆ ಮಳೆ. ಆ ಮೆಟ್ಟಿಲ ಮೇಲೆ ಆಡಿದ ಮಾತು ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಬರುವುದಿಲ್ಲ.

ಹೇಳುವಷ್ಟು ಹೊತ್ತು ಎಲ್ಲಿದೆ? ಕಥೆಗೆ ಇರುವುದು ಶನಿವಾರದ ಇಪ್ಪತ್ತು ನಿಮಿಷ. ಅದಕ್ಕೇ ಬುಧವಾರದ ಪಾಠವನ್ನೂ ಕದ್ದೆ. ದಿನಚರಿಯಲ್ಲಿ 'ಪರಿಸರ: ಮಳೆ' ಎಂದು ಬರೆದೆ. ಮಳೆಯೂ ಕಥೆಯಲ್ಲಿತ್ತಲ್ಲ! ಸರಿಯಾಗಿ ಮಾರನೇ ವಾರ ತಪಾಸಣೆ ಸಾಹೇಬರು ಬಂದರು. ದಿನಚರಿ ತೆರೆದರು. "ಮಳೆ ಹೇಗೆ ಬರುತ್ತೆ, ಯಾರು ಹೇಳ್ತೀರಿ?" ಎಂದರು.

ಗಪ್‌ಚಿಪ್ ಎದ್ದು ನಿಂತಳು ಅಪ್ಪ. ಎರಡು ವರ್ಷದಲ್ಲಿ ಮೊದಲ ಸಲ. ಸಣ್ಣ, ಒಡಕು ದನಿ. "ಇಪ್ಪತ್ತೆರಡನೇ ಮೆಟ್ಟಿಲಿನ ಅಜ್ಜಿ ಕರವಸ್ತ್ರ ಹಿಂಡ್ತಾಳೆ ಸರ್." ಸಾಹೇಬರ ಮುಖ ನೋಡಬೇಕಿತ್ತು. ನಾನು ಅವರ ಮುಖ ನೋಡಲಿಲ್ಲ. ನಾನು ಚಪ್ಪಾಳೆ ತಟ್ಟಿಬಿಟ್ಟೆ. ತಡೆಯಲಾಗಲಿಲ್ಲ.

ವಿಚಾರಣೆಯ ಕಾಗದದಲ್ಲಿ ಅದೂ ಇದೆ: 'ತಪ್ಪು ಉತ್ತರಕ್ಕೆ ಶಿಕ್ಷಕಿಯು ಚಪ್ಪಾಳೆ ತಟ್ಟಿರುತ್ತಾರೆ.' ಅದರ ಕೆಳಗೆ, ನಾನು ಮುರಿದ ನಿಯಮ. ಶಿಕ್ಷಕರ ಕೈಪಿಡಿ, ನಿಯಮ ಹದಿನೇಳು: 'ತರಗತಿಯಲ್ಲಿ ಹೇಳುವ ಕಥೆಯು ನಿಜಜೀವನದಲ್ಲಿ ನಡೆಯಬಹುದಾದದ್ದಾಗಿರಬೇಕು, ಅದರ ಪ್ರಯೋಜನವನ್ನು ಒಂದು ವಾಕ್ಯದಲ್ಲಿ ದಾಖಲಿಸತಕ್ಕದ್ದು.'

'ತಕ್ಕದ್ದು' ಎಂದು ಮುಗಿಸುವುದು ಯಾರ ಚಟ ಎಂದು ನನಗೆ ಗೊತ್ತಿಲ್ಲವೇ? ಕಥೆ ನಿಮ್ಮದು, ನಿಯಮವೂ ನಿಮ್ಮದು. ನಡುವೆ ಸಿಕ್ಕಿಹಾಕಿಕೊಂಡವಳು ನಾನು.

ಒಂದೇ ಪ್ರಶ್ನೆ. ಅಂಥ ಕಥೆ ಕಟ್ಟಿದ ಮನುಷ್ಯ ಇಂಥ ನಿಯಮವನ್ನು ಯಾಕೆ ಬರೆದ?

ನಿಮ್ಮ ಮಗಳು

—

ಆಗಸ್ಟ್ 16

ಮಗಳಿಗೆ ಅಪ್ಪನ ಆಶೀರ್ವಾದ.

ನಿನ್ನ ಪತ್ರ ತಲುಪಿತು. ದಿನಚರಿಯಲ್ಲಿ ಸುಳ್ಳು ನಮೂದು ಮಾಡಿದ್ದು ತಪ್ಪು. ಮೂವತ್ತೊಂದು ವರ್ಷ ತಪಾಸಣೆ ಮಾಡಿದವನ ಮಗಳು ಮಾಡುವ ಕೆಲಸವಲ್ಲ ಅದು. ಚಪ್ಪಾಳೆ ತಟ್ಟಿದ್ದು ಅದಕ್ಕಿಂತ ದೊಡ್ಡ ತಪ್ಪು. ಸಾಹೇಬರು ಹೊಸಬರಿರಬೇಕು, ಹೊಸಬರಿಗೆ ಚಪ್ಪಾಳೆ ತಮ್ಮನ್ನು ಗೇಲಿ ಮಾಡಿದ ಹಾಗೆ ಕೇಳುತ್ತದೆ.

ವಿಚಾರಣೆಯ ಮುಂದೆ ವಾದ ಮಾಡಬೇಡ. ತಪ್ಪೊಪ್ಪಿಗೆ ಕೇಳಿದರೆ ಬರೆದುಕೊಡು. ತರಗತಿಗೆ ವಾಪಸ್ಸು ಹೋಗುವುದು ಮುಖ್ಯ.

ನನ್ನ ಮೊಣಕಾಲು ಹಾಗೇ ಇದೆ. ಪಕ್ಕದ ಮನೆಯ ದರ್ಜಿ ದಿನಾ ಪೇಪರ್ ತಂದುಕೊಡುತ್ತಾನೆ. ಕೋಣೆಗೆ ಗಾಳಿ ಇಲ್ಲವೆಂದರೆ ಒಂದು ಟೇಬಲ್ ಫ್ಯಾನ್ ಕೇಳು. ಕೇಳುವುದರಲ್ಲಿ ಅವಮಾನವಿಲ್ಲ.

ಅಪ್ಪ

—

ಆಗಸ್ಟ್ 30

ಅಪ್ಪಾ,

ಟೇಬಲ್ ಫ್ಯಾನ್ ಕೇಳಿದೆ. ಬಂತು. ಪ್ಲಗ್ ಇಲ್ಲ. ಪ್ಲಗ್ ಕೇಳುವುದಕ್ಕೆ ಬೇರೆ ಅರ್ಜಿಯಂತೆ.

ನನ್ನ ಪ್ರಶ್ನೆ ಬಿಟ್ಟು ಉಳಿದದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೀರಿ. ಇರಲಿ.

ತಪ್ಪೊಪ್ಪಿಗೆಯ ಕಾಗದ ಬಂದಿದೆ. ಹೆಡ್ ಮೇಡಂ ತಾವೇ ತಂದುಕೊಟ್ಟರು. ಕೆಟ್ಟವರಲ್ಲ ಆಕೆ, ನನ್ನ ಎದುರು ಮುರುಕು ಸ್ಟೂಲಿನ ಮೇಲೆ ಕೂತು, "ಸಹಿ ಹಾಕಿಬಿಡಿ ಟೀಚರ್, ನನಗೂ ಸಾಕಾಗಿದೆ" ಎಂದರು. ಕಾಗದದಲ್ಲಿ ಮೊದಲನೆಯ ಮಾತು, ದಿನಚರಿಯಲ್ಲಿ ತಪ್ಪು ಬರೆದೆ ಎಂದು. ನಿಜ, ಒಪ್ಪುತ್ತೇನೆ. ಎರಡನೆಯದು, ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎಂದು. ಅದಕ್ಕೂ ಸರಿ. ಮೂರನೆಯದನ್ನು ನೋಡಿ: 'ನಾನು ತರಗತಿಯ ಮುಂದೆ ನಿಂತು, ಅಂಥ ಮೆಟ್ಟಿಲು ಇಲ್ಲವೆಂದೂ, ನಾನು ಹೇಳಿದ್ದು ಸುಳ್ಳೆಂದೂ ಮಕ್ಕಳಿಗೆ ತಿಳಿಸುತ್ತೇನೆ.' ಸಹಿ ಹಾಕಿದರೆ ಮಕ್ಕಳ ಹತ್ತಿರ ಹೋಗಬಹುದು. ಸೆಪ್ಟೆಂಬರ್ ಮುಗಿಯುವುದರೊಳಗೆ ಹಾಕದಿದ್ದರೆ ನನ್ನನ್ನು ಮುಖ್ಯ ಕಚೇರಿಯ ದಾಸ್ತಾನು ವಿಭಾಗಕ್ಕೆ ಕಳಿಸುತ್ತಾರೆ. ಅಲ್ಲಿ ಮಕ್ಕಳಿಲ್ಲ, ಬರೀ ಕಪಾಟು.

ಈ ಗೋಡೆಯ ಆಚೆಗೇ ನನ್ನ ತರಗತಿ. ಎಲ್ಲ ಕೇಳಿಸುತ್ತದೆ. ನನ್ನ ಬದಲಿಗೆ ಬಂದಿರುವ ಹುಡುಗಿ ಪಾಪ, ಸಾಹೇಬರು ಮತ್ತೆ ಬಂದಾರೆಂಬ ಭಯದಲ್ಲಿ 'ನೀರು ಆವಿಯಾಗಿ ಮೋಡವಾಗುತ್ತದೆ' ಎಂದು ದಿನಕ್ಕೆ ಮೂವತ್ತು ಸಲ ಹೇಳಿಸುತ್ತಾಳೆ. ಮಕ್ಕಳು ರಾಗ ಎಳೆದು ಎಳೆದು ಹೇಳುತ್ತವೆ. ನನಗೂ ಬಾಯಿಪಾಠವಾಗಿದೆ. ನಿನ್ನೆ ಬಟ್ಟೆ ಒಗೆಯುವಾಗ ಗುನುಗುತ್ತಿದ್ದೆ!

ಗಪ್‌ಚಿಪ್ ಮತ್ತೆ ಗಪ್‌ಚಿಪ್ ಆಗಿದ್ದಾಳೆ. ಆಯಮ್ಮ ಹೇಳಿದಳು: "ನಿಮ್ಮನ್ನ ಇಲ್ಲಿ ಹಾಕಿದ್ದು ತನ್ನಿಂದ್ಲೇ ಅಂದ್ಕೊಂಡಿದೆ ಕಣಮ್ಮ ಆ ಮಗು. ಊಟದ ಡಬ್ಬಿನೂ ತೆಗಿಯಲ್ಲ." ಆದರೆ ಮಧ್ಯಾಹ್ನದ ಬಿಡುವಿನಲ್ಲಿ, ಎಲ್ಲರೂ ಮೈದಾನಕ್ಕೆ ಓಡಿದ ಮೇಲೆ, ಗೋಡೆಯ ಮೇಲೆ ಯಾರೋ ಬೆರಳಿನಿಂದ ತಟ್ಟುತ್ತಾರೆ. ಮೊದಲ ದಿನ ಇಲಿ ಅಂದುಕೊಂಡೆ. ಎರಡನೇ ದಿನ ಎಣಿಸಿದೆ. ಇಪ್ಪತ್ತೊಂದು. ಆಮೇಲೆ ಸ್ವಲ್ಪ ತಡೆದು, ಒಂದು.

ಈಗ ನಾನೂ ಈ ಕಡೆಯಿಂದ ತಟ್ಟುತ್ತೇನೆ. ನಲವತ್ತೈದು ವರ್ಷದ ಹೆಂಗಸು ಗೋಡೆಗೆ ಕಿವಿ ಹಚ್ಚಿ ನಿಂತಿರುವುದನ್ನು ಯಾರಾದರೂ ನೋಡಿದರೆ ನೇರ ಆಸ್ಪತ್ರೆಗೇ ಕಳಿಸುತ್ತಾರೆ.

ನೀವು 'ಪ್ರಯೋಜನ' ಕೇಳುತ್ತೀರಲ್ಲ, ಹೇಳುತ್ತೇನೆ ಕೇಳಿ. ರಾಜಕುಮಾರ, ರಾಕ್ಷಸರ ಕಥೆಯನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತವೆ, ಮುಗಿಸಿ ಎದ್ದುಹೋಗುತ್ತವೆ. ಅದು ಬೇರೆಯವರ ಅರಮನೆ. ನಿಮ್ಮ ಕಥೆಯಲ್ಲಿ ಎಲ್ಲ ನಮ್ಮದೇ: ಪ್ಲಾಸ್ಟಿಕ್ ಕೊಡ, ಕಂಬಿ ಅಲುಗಾಡುವ ಮೆಟ್ಟಿಲು, ಕಳೆದುಹೋದ ಬಸ್ ಪಾಸು. ಅದರ ನಡುವೆ ಆಗಲಾರದ್ದು ಒಂದೇ ಒಂದು. ಅಲ್ಲಿ ಮಕ್ಕಳು ತಮ್ಮದನ್ನು ತಂದಿಡುತ್ತವೆ. 'ಅಜ್ಜಿಯ ಹತ್ತಿರ ನಿನ್ನದು ಏನಿದೆ?' ಎಂದು ಬರೆಯಲು ಹೇಳಿದ್ದೆ. ಎರಡು ಸಾಲು ಬರೆಯಲು ಅಳುವವರು ಎರಡು ಪುಟ ಬರೆದರು. ಒಬ್ಬ 'ನಮ್ಮ ಹಳೇ ಮನೆ' ಎಂದು ಬರೆದಿದ್ದ. ಇನ್ನೊಬ್ಬಳು 'ಅಪ್ಪ ಅಮ್ಮ ನಗುತ್ತಿದ್ದದ್ದು' ಎಂದು. ನೇರವಾಗಿ ಕೇಳಿದ್ದರೆ ಹೇಳುತ್ತಿದ್ದರೇ? ಇದನ್ನು ಒಂದು ವಾಕ್ಯದಲ್ಲಿ ದಾಖಲಿಸತಕ್ಕದ್ದು ಹೇಗೆ, ನೀವೇ ಹೇಳಿ.

ಈಗ ನಾನು ಹೋಗಿ 'ಅದೆಲ್ಲ ಸುಳ್ಳು' ಅಂದರೆ ಆ ಮಗುವಿನ ಬಾಯಿಗೆ ನಾನೇ ಬೀಗ ಹಾಕಿದ ಹಾಗೆ. ಹೋಗದಿದ್ದರೆ ಅವಳು ಖಾಲಿ ಗೋಡೆ ತಟ್ಟುತ್ತಾಳೆ. ಏನು ಮಾಡಲಿ? ಮತ್ತೆ ಕೇಳುತ್ತೇನೆ, ಯಾಕೆ ಬರೆದಿರಿ ಆ ನಿಯಮ? ನಿಮ್ಮ ಕೈಯಿಂದ ಒಂದು ಕಾರಣ ಸಿಕ್ಕಿದರೆ ವಿಚಾರಣೆಯವರ ಮುಂದೆ ಇಡುತ್ತೇನೆ.

ನಿಮ್ಮ ಮಗಳು

—

ಸೆಪ್ಟೆಂಬರ್ 6

ಮಗಳಿಗೆ,

ಸಹಿ ಹಾಕು. ಮಗುವಿಗೆ ಇಲ್ಲದ್ದನ್ನು ಇದೆ ಎಂದು ನಂಬಿಸಬಾರದು. ನಂಬಿಸಿದವರು ಆಮೇಲೆ ನೋಡಬೇಕಾಗುವುದು ಏನೆಂದು ನಿನಗೆ ಗೊತ್ತಿಲ್ಲ. ಕಥೆ ಹೇಳುವುದು ಸುಲಭ.

ಆ ನಿಯಮಕ್ಕೆ ಕಾರಣ ಇತ್ತು. ಆಗ ಸರಿ ಅನಿಸಿತ್ತು. ಅಷ್ಟು ಸಾಕು.

ಕಾಲು ನೋವಿದೆ, ಹೆಚ್ಚು ಬರೆಯಲಾಗುತ್ತಿಲ್ಲ.

ಅಪ್ಪ

—

ಸೆಪ್ಟೆಂಬರ್ 20

ಅಪ್ಪಾ,

ಕಾಲು ನೋವಿಗೂ ಬರೆಯುವುದಕ್ಕೂ ಏನು ಸಂಬಂಧ? ನೀವು ಕೈಯಲ್ಲಿ ತಾನೇ ಬರೆಯುವುದು?

ನಿಮ್ಮ ಕಾಗದದಲ್ಲಿ, 'ಅಷ್ಟು ಸಾಕು' ಎಂಬುದರ ಕೆಳಗೆ ಒಂದು ಸಾಲು ಹೊಡೆದುಹಾಕಿದ್ದೀರಿ. ಗೀಚಿದ್ದಲ್ಲ, ಸ್ಕೇಲು ಇಟ್ಟು ಮೂರು ಗೆರೆ ಎಳೆದಿದ್ದೀರಿ. ಇಲ್ಲಿ ನನಗೆ ಹೊತ್ತು ಬೇಕಾದಷ್ಟಿದೆ. ಕುರ್ಚಿ ಹತ್ತಿ ಗವಾಕ್ಷಿಯ ಬೆಳಕಿಗೆ ಹಿಡಿದು ನೋಡಿದೆ. 'ಹನ್ನೊಂದು ದಿನ ನೀನು' ಎಂದಿದೆ. ಮುಂದಿನದು ಓದಲಾಗಲಿಲ್ಲ. ಯಾವ ಹನ್ನೊಂದು ದಿನ ಎಂದು ನನಗೆ ಗೊತ್ತು ಅನಿಸುತ್ತದೆ. ನಾನಾಗಿ ಹೇಳುವುದಿಲ್ಲ. ನೀವು ಹೇಳಿ.

ಇನ್ನೊಂದು ವಿಷಯ. ಹೋದ ಗುರುವಾರದಿಂದ ಗೋಡೆ ತಟ್ಟುವುದು ನಿಂತಿದೆ. ನಾನು ಮೂರು ದಿನ ತಟ್ಟಿದೆ. ಆ ಕಡೆಯಿಂದ ಏನೂ ಇಲ್ಲ. ಮಗು ಶಾಲೆಗೆ ಬರುತ್ತಿದೆ, ಆದರೆ ಬಿಡುವಿನಲ್ಲಿ ಬೆಂಚಿನ ಮೇಲೆ ತಲೆ ಇಟ್ಟು ಮಲಗಿರುತ್ತದೆ ಎಂದು ಆಯಮ್ಮ ಹೇಳುತ್ತಾಳೆ. ಅವಳನ್ನು ಮಾತಾಡಿಸಲು ಬಾಗಿಲ ಹತ್ತಿರ ಹೋದೆ. ಚಿಲಕ ಬಿದ್ದಿತ್ತು. ಕೂಗಿದೆ, ಒದ್ದೆ. ಹೆಡ್ ಮೇಡಂ ಬಂದು ತೆಗೆಯುವಷ್ಟರಲ್ಲಿ ಬಿಡುವು ಮುಗಿದಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ ಅಪ್ಪ. ಮೊಹರಿನ ಶಾಯಿ ಕೈಗೆಲ್ಲ ಇತ್ತು, ಮುಖವೆಲ್ಲ ನೀಲಿ.

ಅದೇ ನೀಲಿ ಕೈಯಲ್ಲಿ ಸಹಿ ಹಾಕಿದೆ. ಮೂರಕ್ಕೂ. ನಿಮಗೆ ಸಮಾಧಾನವಾಗಿರಬೇಕು. ಸೆಪ್ಟೆಂಬರ್ 29, ಸೋಮವಾರ, ಮೊದಲನೇ ಅವಧಿಯಲ್ಲಿ ನಾನು ಹೋಗಿ ನಿಮ್ಮ ಕಥೆಯನ್ನು ಸುಳ್ಳು ಎನ್ನುತ್ತೇನೆ.

ಮಗಳು

—

ಸೆಪ್ಟೆಂಬರ್ 24

ಮಗಳೇ,

ನನಗೆ ಸಮಾಧಾನವಾಗಲಿಲ್ಲ. ಎರಡು ದಿನದಿಂದ ಊಟ ಸೇರುತ್ತಿಲ್ಲ. ದರ್ಜಿ ಬಂದು, "ಏನ್ ಮೇಷ್ಟ್ರೇ, ಮುಖ ಇಷ್ಟುದ್ದ ಮಾಡ್ಕೊಂಡಿದ್ದೀರಿ, ಅಳತೆ ತೆಗೀಲಾ?" ಎಂದ. ಅವನು ಹೋದ ಮೇಲೆ ಬರೆಯಲು ಕೂತೆ. ಇದು ಸೋಮವಾರದೊಳಗೆ ನಿನಗೆ ಸಿಗುತ್ತದೋ ಇಲ್ಲವೋ.

ಆ ಕಥೆಯನ್ನು ನಾನು ಕಟ್ಟಿದ್ದು ನಿನಗೆ ಊಟ ಮಾಡಿಸಲು. ನೀನು ಮಹಾ ಹಟಮಾರಿ. ಒಂದು ತುತ್ತಿಗೆ ನಮ್ಮ ಮಹಡಿ ಮನೆಯ ಒಂದು ಮೆಟ್ಟಿಲು. ಇಪ್ಪತ್ತೊಂದು ತುತ್ತು ಮುಗಿದ ಮೇಲೆ ಇನ್ನೊಂದು ತಿನ್ನಿಸಬೇಕಲ್ಲ, ಅದಕ್ಕೇ ಇಪ್ಪತ್ತೆರಡನೆಯದು. ಅಷ್ಟೇ ಅದರ ಹುಟ್ಟು. ನಿನ್ನ ಅಮ್ಮ ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದಳು. 'ಕಚೇರಿಯಲ್ಲಿ ಇಷ್ಟು ಸುಳ್ಳು ಬರೀರಿ ನೋಡೋಣ' ಎನ್ನುತ್ತಿದ್ದಳು.

ಅವಳು ಹೋದಾಗ ನಿನಗೆ ಎಂಟು ವರ್ಷ. ನಾಲ್ಕನೆಯ ದಿನ ನೀನು ಬಂದು ಕೇಳಿದೆ, "ಅಪ್ಪಾ, ಅಮ್ಮ ಆ ಮೆಟ್ಟಿಲ ಮೇಲೆ ಇದ್ದಾಳಾ?" ನಾನು ಇಲ್ಲ ಅನ್ನಬೇಕಿತ್ತು. ನನ್ನ ಬಾಯಿಂದ ಬರಲಿಲ್ಲ. "ಹೂಂ" ಅಂದುಬಿಟ್ಟೆ.

ಆಮೇಲೆ ಹನ್ನೊಂದು ದಿನ ನೀನು ಶಾಲೆಯಿಂದ ಬಂದವಳು ಮನೆಯೊಳಗೆ ಬರದೆ ಮೆಟ್ಟಿಲ ಮೇಲೆ ಕೂತೆ. ಚೀಲ ತೊಡೆಯ ಮೇಲೆ. ನಾನು ಮೇಲಿನಿಂದ, ಬಾಗಿಲ ಸಂದಿನಿಂದ ನೋಡುತ್ತಿದ್ದೆ. ನಿನ್ನ ತುಟಿ ಆಡುತ್ತಿತ್ತು. ಅವಳು ಬರುತ್ತಾಳೆಂದು ಕಾಯುತ್ತಿದ್ದೀಯ ಎಂದುಕೊಂಡೆ. ಕೆಳಗೆ ಇಳಿದು ಬರಲು ನನಗೆ ಧೈರ್ಯ ಸಾಲಲಿಲ್ಲ. ಬಂದರೆ ನಿಜ ಹೇಳಬೇಕಾಗುತ್ತಿತ್ತು. ಹನ್ನೆರಡನೆಯ ದಿನ ಮೆಟ್ಟಿಲಿಲ್ಲದ ಮನೆ ಹುಡುಕಿ ಸಾಮಾನು ಸಾಗಿಸಿದೆ. ಮೊಣಕಾಲು ನೋವು ಎಂದು ಎಲ್ಲರಿಗೂ ಹೇಳಿದೆ. ಆಗ ನನ್ನ ಮೊಣಕಾಲಿಗೆ ಏನೂ ಆಗಿರಲಿಲ್ಲ.

ಆ ತಿಂಗಳೇ ಕೈಪಿಡಿ ಬರೆಯುವ ಕೆಲಸ ನನ್ನ ಮೇಜಿಗೆ ಬಂತು. ಹದಿನೇಳನೆಯ ನಿಯಮವನ್ನು ಒಂದೇ ಏಟಿಗೆ ಬರೆದೆ, ತಿದ್ದಲೂ ಇಲ್ಲ. ನನ್ನ ಮಗುವಿಗೆ ನಾನು ಮಾಡಿದ್ದನ್ನು ಬೇರೆ ಯಾವ ಮಗುವಿಗೂ ಯಾರೂ ಮಾಡಬಾರದು ಎಂದು. ಮೂವತ್ತೇಳು ವರ್ಷ ಆಯಿತು. ಅದು ಎಷ್ಟು ತರಗತಿಗಳಲ್ಲಿ ಎಷ್ಟು ಬಾಯಿ ಮುಚ್ಚಿಸಿತೋ ನಾನು ಎಣಿಸಿಲ್ಲ. ಈಗ ನಿನ್ನನ್ನೇ ಕೋಣೆಯೊಳಗೆ ಹಾಕಿಸಿತು.

ನಿಯಮಕ್ಕೆ ನೀನು ಕಾರಣ ಕೇಳಿದ್ದೆ. ಇದೇ ಕಾರಣ. ಬೇಕಾದರೆ ವಿಚಾರಣೆಯವರ ಮುಂದಿಡು. ಇದನ್ನು ನಾನು ಗೆರೆ ಎಳೆದು ಹೊಡೆಯುವುದಿಲ್ಲ.

ನನ್ನನ್ನು ಕ್ಷಮಿಸು.

ಅಪ್ಪ

—

ಅಕ್ಟೋಬರ್ 3

ಅಪ್ಪಾ,

ನಿಮ್ಮ ಕಾಗದ ಸಿಕ್ಕಿದ್ದು ಮಂಗಳವಾರ. ಅಷ್ಟರಲ್ಲಿ ಸೋಮವಾರ ಆಗಿಹೋಗಿತ್ತು. ಮೊದಲು ಸೋಮವಾರದ್ದು ಹೇಳುತ್ತೇನೆ, ಆಮೇಲೆ ನಮ್ಮದು.

ಹೆಡ್ ಮೇಡಂ ಫೈಲು ಹಿಡಿದುಕೊಂಡು ಕೊನೆಯ ಬೆಂಚಿನಲ್ಲಿ ಕೂತರು. ಮಕ್ಕಳ ಬೆಂಚು, ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ನನ್ನನ್ನು ನೋಡಿ ಮಕ್ಕಳು ಹೋ ಎಂದು ಕೂಗಿದರು. ಮೂರನೇ ಸಾಲಿನಲ್ಲಿ ಗಪ್‌ಚಿಪ್ ತಲೆ ಎತ್ತಲಿಲ್ಲ.

"ಮಕ್ಕಳೇ, ನಾನು ನಿಮಗೆ ಒಂದು ಕಥೆ ಹೇಳಿದ್ದೆ," ಎಂದೆ. ಮುಂದಕ್ಕೆ ನಾಲಿಗೆ ಹೊರಳಲಿಲ್ಲ. ಮತ್ತೆ ಶುರು ಮಾಡಿದೆ. ಮತ್ತೆ ಅಲ್ಲೇ ನಿಂತೆ. ಹಿಂದಿನಿಂದ ಮೇಡಂ, "ಹೇಳಿ ಟೀಚರ್," ಎಂದರು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು ಅಪ್ಪ, ಇಷ್ಟು ಮಕ್ಕಳ ಮುಂದೆ.

ಆಗ ಅವಳು ಎದ್ದಳು. ಅದೇ ಒಡಕು ದನಿ.

"ಮಿಸ್, ಮೆಟ್ಟಿಲು ಇಲ್ಲ ಅಂತ ಹೇಳಕ್ಕೆ ಬಂದ್ರಾ?"

"ಹೂಂ," ಎಂದೆ.

"ನಮಗೆ ಗೊತ್ತು ಮಿಸ್. ಅದು ಕಥೆ. ನೀವು ಹೇಳಿದ ದಿನಾನೇ ನಾವೆಲ್ಲ ಎಣಿಸಿದ್ವಿ. ನಮ್ಮ ಶಾಲೆ ಮೆಟ್ಟಿಲು ಹತ್ತುವಾಗ್ಲೂ ಹತ್ತೊಂಬತ್ತು, ಇಳಿಯುವಾಗ್ಲೂ ಹತ್ತೊಂಬತ್ತು."

ಇಡೀ ತರಗತಿ "ಹೌದು ಮಿಸ್, ಹತ್ತೊಂಬತ್ತು!" ಎಂದು ಕಿರುಚಿತು. ಮೇಡಂ ಬೆಂಚಿನಿಂದ ಕಷ್ಟಪಟ್ಟು ಎದ್ದರು. "ಮತ್ತೆ ಸಾಹೇಬ್ರ ಮುಂದೆ ಯಾಕಮ್ಮ ಹಾಗಂದೆ?"

"ಆವಿ ಆಗೋದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿರುತ್ತಲ್ಲ. ಅಜ್ಜಿ ವಿಷಯ ಅವರಿಗೆ ಗೊತ್ತಿರಲ್ಲ ಅಂತ ಅದನ್ನ ಹೇಳ್ದೆ."

ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದರು. ನಗುತ್ತಿದ್ದರೋ ಏನೋ. ನಾನು ಮಗುವಿನ ಹತ್ತಿರ ಹೋಗಿ, ಮೆಲ್ಲಗೆ ಕೇಳಿದೆ. ಮೆಟ್ಟಿಲು ಇಲ್ಲ ಅಂತ ಗೊತ್ತಿದ್ದ ಮೇಲೆ ಗೋಡೆ ಯಾಕೆ ತಟ್ಟುತ್ತಿದ್ದೆ ಎಂದು.

"ಇಲ್ದೇ ಇದ್ರೂ ಕೂತ್ಕೋಬಹುದಲ್ವಾ ಮಿಸ್?" ಎಂದಳು.

ಮೇಡಂ ಫೈಲಿನಲ್ಲಿ 'ಮೂರನೆಯ ಷರತ್ತು ಪೂರೈಸಿದೆ' ಎಂದು ಬರೆದರು. ಮಕ್ಕಳಿಗೆ ಮೆಟ್ಟಿಲು ಇಲ್ಲವೆಂದು ತಿಳಿದಿದೆ, ಸರಿ ತಾನೇ? ನಾನು ತರಗತಿಯಲ್ಲಿದ್ದೇನೆ. ಬಹಳ ಖುಷಿ ಪಡಬೇಡಿ. ನಿಯಮ ಹದಿನೇಳು ಹಾಗೇ ಇದೆ. ಕಥೆಗೆ ಶನಿವಾರದ ಇಪ್ಪತ್ತು ನಿಮಿಷವೇ. ಇನ್ನು ಮೇಲೆ ಪ್ರತಿ ಕಥೆಯನ್ನೂ ಮೊದಲೇ ಬರೆದು ತೋರಿಸಿ ಒಪ್ಪಿಗೆ ಪಡೆಯಬೇಕು. ವಾರಕ್ಕೊಮ್ಮೆ ಮೇಡಂ ಬಂದು ಹಿಂದೆ ಕೂರುತ್ತಾರೆ. ಪುಸ್ತಕದ ಕೋಣೆ ಸ್ವಲ್ಪ ದೊಡ್ಡದಾಗಿದೆ, ಅಷ್ಟೇ. ನಿಮ್ಮ ಕಾಗದವನ್ನು ಅವರ ಮುಂದೆ ಇಡಲಿಲ್ಲ. ಅದು ನನ್ನದು.

ಈಗ ನಮ್ಮದು.

ಬಾಗಿಲ ಸಂದಿನಿಂದ ನೋಡಿದೆ ಎಂದು ಬರೆದಿದ್ದೀರಿ. ನೀವು ನೋಡುತ್ತಿದ್ದದ್ದು ನನಗೆ ಗೊತ್ತಿತ್ತು. ನಿಮ್ಮ ಚಪ್ಪಲಿಯ ತುದಿ ಕಾಣಿಸುತ್ತಿತ್ತು.

ನಾನು ಕಾಯುತ್ತಿರಲಿಲ್ಲ ಅಪ್ಪ. ಅಮ್ಮನನ್ನು ಎತ್ತಿಕೊಂಡು ಹೋಗುವಾಗ ನಾನು ಬಾಗಿಲಲ್ಲೇ ನಿಂತಿದ್ದೆನಲ್ಲ, ನನಗೆ ಗೊತ್ತಿಲ್ಲದೇ ಇರುತ್ತದೆಯೇ? ಮೆಟ್ಟಿಲನ್ನೂ ಎಷ್ಟೋ ಸಲ ಎಣಿಸಿದ್ದೆ. ಇಪ್ಪತ್ತೊಂದೇ. ಆದರೆ ಮನೆಯೊಳಗೆ ಅಮ್ಮನ ಹೆಸರು ಎತ್ತಿದರೆ ನೀವು ಎದ್ದು ಅಡುಗೆಮನೆಗೆ ಹೋಗುತ್ತಿದ್ದಿರಿ. ಆಗ ನಮ್ಮ ಜೊತೆಗಿದ್ದ ನಿಮ್ಮ ತಂಗಿ, ನನ್ನ ಅತ್ತೆ, "ಶ್" ಎನ್ನುತ್ತಿದ್ದಳು. ಅಲ್ಲಿ ಆಡಿದ ಮಾತು ಮೇಲಕ್ಕೂ ಹೋಗುವುದಿಲ್ಲ, ಕೆಳಕ್ಕೂ ಬರುವುದಿಲ್ಲ ಎಂದು ನೀವೇ ಹೇಳಿದ್ದಿರಿ. ಅದಕ್ಕೆ ಅಲ್ಲಿ ಕೂತು ಹೇಳುತ್ತಿದ್ದೆ. ಎಡಗಾಲಿನ ಬೂಟು ಕಚ್ಚುತ್ತದೆ ಎಂದು. ಅಪ್ಪ ಅಡುಗೆಗೆ ಉಪ್ಪು ಹಾಕುವುದು ಮರೆಯುತ್ತಾರೆ, ನಾನು ಸುಮ್ಮನೆ ತಿನ್ನುತ್ತೇನೆ ಎಂದು. ಅಪ್ಪ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಾರೆ ಎಂದು.

ಅಮ್ಮನ ಜೊತೆ ಮಾತಾಡಲು ಇಡೀ ಮನೆಯಲ್ಲಿ ನನಗೆ ಇದ್ದದ್ದು ಅದೊಂದೇ ಜಾಗ. ಹನ್ನೆರಡನೆಯ ದಿನ ನೀವು ಅದನ್ನು ಬಿಟ್ಟು ಹೊರಡಿಸಿದಿರಿ. ಮೆಟ್ಟಿಲಿಲ್ಲದ ಆ ಮನೆಯಲ್ಲಿ ನಾವಿಬ್ಬರೂ ಮೂವತ್ತೇಳು ವರ್ಷ ಒಳಗೇ ಇದ್ದೇವೆ, ನಾನು ಮದುವೆಯಾಗಿ ಹೊರಟುಬಂದ ಮೇಲೂ.

ಕ್ಷಮೆ ಕೇಳಿದ್ದೀರಿ. ಕಥೆ ಹೇಳಿದ್ದಕ್ಕೆ ಕೇಳಬೇಡಿ. ಕೆಳಗಿಳಿದು ಬಂದು ಪಕ್ಕದಲ್ಲಿ ಕೂರಲಿಲ್ಲವಲ್ಲ, ಅದಕ್ಕೆ ಕೇಳಿ. ಅದಕ್ಕೆ ನನಗೆ ಸಿಟ್ಟಿದೆ, ಇನ್ನೂ ಇದೆ.

ಮುಂದಿನ ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ನಿಮ್ಮ ಮನೆಯ ಬಾಗಿಲಲ್ಲಿ, ಚರಂಡಿ ನೀರು ಒಳಗೆ ಬರದಿರಲಿ ಎಂದು ದರ್ಜಿ ಕಟ್ಟಿಸಿಕೊಟ್ಟ ಒಂದು ಮೆಟ್ಟಿಲಿದೆಯಲ್ಲ, ಇಬ್ಬರಿಗೆ ಸಾಕು. ಕಾಲು ನೋವು ಎಂದು ನೆಪ ಹೇಳುವ ಹಾಗಿಲ್ಲ. ನೀವು ಮೊದಲು ಅಮ್ಮನ ಹೆಸರು ಹೇಳಬೇಕು. ಆಮೇಲೆ ನಾನು ಮಾತಾಡುತ್ತೇನೆ.

ನಿಮ್ಮ ಮಗಳು